ಅಬ್ಬಲಿಗೆ ಮಾಲೆಯ ಅಳತೆ

ನನ್ನ ಯಜಮಾನರಿಗೆ ವಾತ ಹೊಡೆದದ್ದು ಬೆಳಿಗ್ಗೆ, ಬಚ್ಚಲಿನಲ್ಲಿ, ಮುಖ ತೊಳೆಯುವಾಗ. ತಂಬಿಗೆ ಬಿದ್ದ ಸದ್ದು ಕೇಳಿ ನಾನು ಅಡುಗೆಮನೆಯಿಂದಲೇ "ಎಂತ ಬಿದ್ದದ್ದು?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾರೆ. ಬಲಗೈ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿದೆ. ನನ್ನನ್ನು ಕಂಡು ಏನೋ ಹೇಳಲು ಹೊರಟರು, ಬಾಯಿ ಒಂದು ಬದಿಗೆ ಹೋಯಿತು.

ಅವರು ಹಂಪನಕಟ್ಟೆಯ ಹತ್ತಿರ ಒಂದು ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವರು. ಸೀಸದ ಒಂದೊಂದು ಅಕ್ಷರವನ್ನೂ ಬಲಗೈಯಿಂದ ಹೆಕ್ಕಿ ಎಡಗೈಯ ಪಟ್ಟಿಯಲ್ಲಿ ಸಾಲಾಗಿ ನಿಲ್ಲಿಸುವ ಕೆಲಸ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದರು. ಆ ಬಲಗೈಯೇ ಹೋಯಿತು. ಆಗ ಅವರಿಗೆ ನಲವತ್ತೆರಡು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಅವರು, ನಾನು, ಅತ್ತೆ, ಮೂರೇ ಜನ. ಅತ್ತಾವರದ ಇಳಿಜಾರಿನಲ್ಲಿ ಬಾಡಿಗೆಯ ಹಂಚಿನ ಮನೆ.

ದೇವರು ಆಗಲೂ ನಮ್ಮನ್ನು ಪೂರ್ತಿ ಕೈಬಿಟ್ಟಿರಲಿಲ್ಲ. ಅದನ್ನು ಹೇಳದೆ ಮುಂದೆ ಬರೆದರೆ ನನಗೆ ಪಾಪ ಬರುತ್ತದೆ. ಚೌತಿ ಕಳೆದು ಮೂರು ವಾರ ಆಸ್ಪತ್ರೆಯಲ್ಲಿದ್ದರು, ದೀಪಾವಳಿಯ ಹೊತ್ತಿಗೆ ಮಾತು ಬಂತು. ಕಾಲೆಳೆದುಕೊಂಡಾದರೂ ಬಾವಿಕಟ್ಟೆಯವರೆಗೆ ನಡೆಯುವಂತಾಯಿತು. ಊರಿನಿಂದ ನನ್ನ ತಮ್ಮ ಅಕ್ಕಿ ಕಳಿಸುತ್ತಿದ್ದ. ಇಷ್ಟು ಉಪಕಾರವನ್ನು ದಿನಾ ಸಂಜೆ ದೀಪದ ಮುಂದೆ ಕೂತು ನೆನೆಯುತ್ತಿದ್ದೆ. ನೆನೆದು ಮುಗಿದ ಮೇಲೆ ಅದೇ ದೀಪದ ಮುಂದೆ, ಕೈ ಒಂದು ಕೊಡು ತಂದೇ ಎಂದು ಅಳುತ್ತಿದ್ದೆ. ಕೈ ಇಲ್ಲದಿದ್ದರೆ ಆ ಮನುಷ್ಯ ಬದುಕಿ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ದಿನ ಅವರು ಬಾವಿಯ ದಂಡೆಯ ಮೇಲೆ ಕೂತು ಕೆಳಗೆ ನೋಡುತ್ತಾ ಇದ್ದದ್ದನ್ನು ನಾನು ಕಂಡಿದ್ದೆ. ಅಂದಿನಿಂದ ನೀರು ಸೇದಲಿಕ್ಕೆ ಹೋದಾಗಲೆಲ್ಲ ಅವರನ್ನೂ ಕಣ್ಣಳತೆಯಲ್ಲೇ ಇಟ್ಟುಕೊಳ್ಳುತ್ತಿದ್ದೆ.

ಅವರನ್ನು ನೋಡುತ್ತಿದ್ದ ಡಾಕ್ಟರು ಕೊಂಕಣಿ ಮಾತಾಡುವ ಕ್ರಿಸ್ತುವರು, ವಯಸ್ಸಾದವರು. ನಮ್ಮ ಮನೆಯ ಮೇಲಿನ ರಸ್ತೆಯಲ್ಲೇ ಅವರ ಮನೆ. ವಿಲಾಯತಿಯ ಒಂದು ಪತ್ರಿಕೆಯನ್ನು ತರಿಸಿ ಓದುತ್ತಿದ್ದರು. ಕೈಕಾಲು ಬಿದ್ದವರಿಗೆ ಮದ್ದಿನ ಜೊತೆಗೆ ಏನಾದರೂ ಕೈಕೆಲಸ ಕೊಟ್ಟು ಗುಣ ಮಾಡುವ ಕ್ರಮವೊಂದು ಅಲ್ಲಿ ಉಂಟಂತೆ, ಅದಕ್ಕೆಂದೇ ಇರುವ ಪತ್ರಿಕೆಯಂತೆ ಅದು. ಡಾಕ್ಟರು ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಕೆಲವರನ್ನು ಕೂರಿಸಿ ಹಗ್ಗ ಹೊಸೆಯುವುದು, ತೆಂಗಿನ ಮಡಲು ನೇಯುವುದು ಮಾಡಿಸುತ್ತಿದ್ದರು. ಉಳಿದ ಡಾಕ್ಟರುಗಳು ನಗುತ್ತಿದ್ದರಂತೆ. ನಮ್ಮವರಿಗೆ ಅಲ್ಲಿಯವರೆಗೆ ದಿನಾ ನಡೆಯಲು ಆಗುವುದಿಲ್ಲವಾದ್ದರಿಂದ ಒಂದು ಸಂಜೆ ಡಾಕ್ಟರೇ ಮನೆಗೆ ಬಂದರು.

"ಅಮ್ಮ, ನಿಮ್ಮ ಮನೆಯಲ್ಲಿ ಒಂದು ದಿನವೂ ತಪ್ಪದೆ ಮಾಡುವ ಕೈಕೆಲಸ ಎಂತ ಉಂಟು?" ಎಂದು ನನ್ನನ್ನು ಕೇಳಿದರು. "ಬೇಸರ ಬಂದರೂ ಬಿಡಲಿಕ್ಕೆ ಆಗಬಾರದು. ಅಂಥದ್ದು ಬೇಕು."

"ದೇವರಿಗೆ ಹೂ ಕಟ್ಟುವುದು," ಎಂದೆ. ಅಂಗಳದಲ್ಲಿ ಅಬ್ಬಲಿಗೆ, ಎಂದರೆ ಕನಕಾಂಬರದ ಗಿಡಗಳಿದ್ದವು. ವರ್ಷವಿಡೀ ಹೂ ಬಿಡುತ್ತಿದ್ದವು.

"ಅದೇ ಆಗಲಿ. ಎಡಗೈಯಲ್ಲಿ ಹೂ ಹಿಡಿಯುದು, ಬಲಗೈಯಲ್ಲಿ ನಾರು ಸುತ್ತುದು."

ಯಜಮಾನರಿಗೆ ಸಿಟ್ಟು ಬಂತು. "ಹೆಂಗಸರ ಕೆಲಸ ಮಾಡಲಿಕ್ಕೆ ಕೂತುಕೊಳ್ಬೇಕಾ ನಾನು?"

ಅತ್ತೆ ಒಳಗಿನಿಂದಲೇ ಹೇಳಿದರು: "ದೇವಸ್ಥಾನದಲ್ಲಿ ಹೂ ಕಟ್ಟುವವ ಗಂಡಸಲ್ಲವಾ ಮಗಾ? ಅವನಿಗೆ ನಿನ್ನಿಂದ ದೊಡ್ಡ ಮೀಸೆ ಉಂಟು." ನಾವು ಮನೆಯಲ್ಲಿ ತುಳುವಿನಲ್ಲೇ ಮಾತಾಡುವುದು, ನಾನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಕೇಳಿದರೆ ಅತ್ತೆಯ ಬಾಯಿ ಇನ್ನೂ ಸ್ವಲ್ಪ ಖಾರ.

ಡಾಕ್ಟರು ನನ್ನ ಕೈಗೆ ದರ್ಜಿಯ ಟೇಪನ್ನೂ ಒಂದು ಪುಸ್ತಕವನ್ನೂ ಕೊಟ್ಟರು. ನಾನು ನಾಲ್ಕನೇ ಕ್ಲಾಸು ಓದಿದವಳು. ದಿನಾ ಯಜಮಾನರು ಎಷ್ಟು ಇಂಚು ಕಟ್ಟಿದರು ಎಂದು ಬರೆಯಬೇಕು. ವರ್ಷ ತುಂಬುವ ಮೊದಲು ಆ ಲೆಕ್ಕವನ್ನೆಲ್ಲ ಸೇರಿಸಿ ಡಾಕ್ಟರು ವಿಲಾಯತಿಯ ಪತ್ರಿಕೆಗೆ ಲೇಖನ ಕಳಿಸುತ್ತಾರೆ. ಅದು ಅಚ್ಚಾದರೆ ಆಸ್ಪತ್ರೆಯ ಮೇಲಿನವರು ಕೈಕೆಲಸಕ್ಕೆಂದು ಒಂದು ಕೋಣೆ ಕೊಡುತ್ತಾರೆ. ಆಗದಿದ್ದರೆ ಜಗಲಿಯೂ ಹೋಗುತ್ತದೆ. "ನಿಮ್ಮ ಬರಹದ ಮೇಲೆ ಉಂಟು ಎಲ್ಲ," ಎಂದು ನಗುತ್ತಾ ಹೋದರು.

ಮರುದಿನ ಮಧ್ಯಾಹ್ನ ಯಜಮಾನರು ಚಾಪೆಯ ಮೇಲೆ ಕೂತು ಶುರು ಮಾಡಿದರು. ನೆನೆಸಿಟ್ಟ ಬಾಳೆನಾರು ಬೆರಳಿನಿಂದ ಜಾರುತ್ತಿತ್ತು. ಅಬ್ಬಲಿಗೆಯ ದಂಟು ನೂಲಿನಷ್ಟು ಸಪೂರ. ಒಂದು ಗಂಟೆಗೆ ಐದು ಗಂಟು ಹಾಕಿದರು. ಬೆವರು ಮೂಗಿನ ತುದಿಯಿಂದ ಹೂವಿನ ಮೇಲೆ ಬೀಳುತ್ತಿತ್ತು. ಆಮೇಲೆ ಮಾಲೆಯನ್ನು ತಟ್ಟೆಯಲ್ಲಿಟ್ಟು ಗೋಡೆಯ ಕಡೆಗೆ ತಿರುಗಿ ಮಲಗಿದರು.

ದೀಪ ಇಡುವ ಹೊತ್ತಿಗೆ ಅತ್ತೆ ತಟ್ಟೆ ನೋಡಿ, "ಇದೆಂತದ್ದು, ದೇವರಿಗೆ ಕಿವಿಯೋಲೆಯಾ?" ಎಂದರು. ನಮ್ಮಲ್ಲಿ ದೇವರಿಗೆಂದು ಶುರು ಮಾಡಿದ ಮಾಲೆಯನ್ನು ಅರ್ಧಕ್ಕೆ ಬಿಡುವ ಕ್ರಮವಿಲ್ಲ. ಅರ್ಧ ಕಟ್ಟಿದ್ದನ್ನು ದೇವರಿಗೆ ಹಾಕುವಂತಿಲ್ಲ, ಎಸೆಯುವಂತಿಲ್ಲ, ನಾರು ಕತ್ತರಿಸಿ ಬೇರೆ ಶುರು ಮಾಡುವಂತೆಯೂ ಇಲ್ಲ. ಒಬ್ಬಳು ಬಿಟ್ಟಲ್ಲಿಂದ ಇನ್ನೊಬ್ಬಳು ಮುಂದುವರಿಸಬೇಕು. "ನೀನು ಮುಗಿಸು ಮಗಳೇ," ಎಂದರು ಅತ್ತೆ. ನಾನು ಮುಗಿಸಿದೆ. ದೇವರ ಪಟಕ್ಕೆ ಸರಿಯಾಗುವಷ್ಟು ಕಟ್ಟಿ ಹಾಕಿ ದೀಪ ಹಚ್ಚಿದೆವು. ಅದರಲ್ಲಿ ತಪ್ಪುಂಟೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಡಾಕ್ಟರು ಬಂದುಬಿಟ್ಟರು. ಪಟದ ಮೇಲಿನ ಮಾಲೆ ನೋಡಿ, "ಇದೇನಾ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಟೇಪು ಹಿಡಿದು, "ಹದಿನಾಲ್ಕು ಇಂಚು!" ಎಂದು ಕೂಗಿದರು. ಒಳಗೆ ಹೋಗಿ ಯಜಮಾನರ ಬಿದ್ದ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ವಾತ ಹೊಡೆದ ಮೇಲೆ ಮೊದಲ ಸಲ ಯಜಮಾನರು ನಕ್ಕರು. ಸೊಟ್ಟ ಬಾಯಿಯ ನಗೆ. ನಾನು ಬಾಗಿಲಲ್ಲಿ ನಿಂತಿದ್ದೆ. ಆ ನಗೆಯನ್ನು ನೋಡಿ, ಅದರಲ್ಲಿ ಹದಿಮೂರು ಇಂಚು ನನ್ನದು ಎಂದು ಹೇಳುವ ಹೆಂಡತಿ ಯಾರಾದರೂ ಇದ್ದರೆ ಅವಳ ಎದೆ ನನಗಿಂತ ಗಟ್ಟಿ.

ಪುಸ್ತಕದಲ್ಲಿ ಹದಿನಾಲ್ಕು ಎಂದು ಬರೆದೆ.

ಒಮ್ಮೆ ಬರೆದ ಮೇಲೆ ಕಡಿಮೆ ಬರೆಯುವುದು ಹೇಗೆ? ಅವರು ದಿನಾ ಕಟ್ಟಿದರು, ನಾನು ದಿನಾ ಮುಗಿಸಿದೆ. ವಾರಕ್ಕೊಮ್ಮೆ ಡಾಕ್ಟರು ಪುಸ್ತಕ ನೋಡುವಾಗ ಅವರ ಮುಖ ಹೂವಿನ ಹಾಗೆ ಅರಳುವುದನ್ನು ಕಂಡು, ಮುಂದಿನ ವಾರ ನಾನು ಅರ್ಧ ಇಂಚು ಹೆಚ್ಚು ಕಟ್ಟಿದೆ. ಪಟ ಸಾಲದೆ ಮಾಲೆ ಎರಡು ಸುತ್ತು ಬಂತು. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನಿಸಲೇ ಇಲ್ಲ ಎಂದು ಈಗ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಅನಿಸುತ್ತಿತ್ತು. ಆದರೆ ಯಜಮಾನರು ಬಾವಿಯ ಕಡೆಗೆ ಹೋಗುವುದನ್ನು ಬಿಟ್ಟಿದ್ದರು. ಅದೊಂದನ್ನು ದೇವರ ದಯೆ ಎಂದು ಎಣಿಸಿ ಉಳಿದದ್ದನ್ನು ನುಂಗಿಕೊಂಡೆ.

ಶಿವರಾತ್ರಿ ಕಳೆದ ಮೇಲೆ ಡಾಕ್ಟರು ಲೇಖನವನ್ನು ಟೈಪು ಮಾಡಿಸಿ ಹಡಗಿನ ಟಪಾಲಿಗೆ ಹಾಕಿದರು. ಪುಸ್ತಕದ ಕೊನೆಯಲ್ಲಿ ಆಗ ಇಪ್ಪತ್ತೆರಡು ಇಂಚು ಎಂದಿತ್ತು. ಅಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಡಾಕ್ಟರು ಸಂತೋಷದಲ್ಲಿ ಮುದ್ರಣಾಲಯಕ್ಕೂ ಹೋಗಿ ಧನಿಗಳಿಗೆ, "ನಿಮ್ಮ ಜನದ ಕೈ ಬಂದಿದೆ, ಕರೆಸಿಕೊಳ್ಳಿ," ಎಂದು ಹೇಳಿಬಿಟ್ಟರು. ಧನಿಗಳು ಒಳ್ಳೆಯವರು. ಬಿಸು ಹಬ್ಬದ ಮರುದಿನದಿಂದ ಬರಲಿ ಎಂದು ಹೇಳಿ ಕಳಿಸಿದರು.

ಹಬ್ಬ ಕಳೆದ ಆ ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ ಬಿಳಿ ಅಂಗಿ ಹಾಕಿದರು. ಗುಂಡಿ ಹಾಕಿದ್ದು ನಾನು. "ಇನ್ನು ಹದಿನೈದು ದಿನ ಬಿಟ್ಟು ಹೋಗಿ," ಎಂದೆ.

"ಯಾಕೆ? ಇಪ್ಪತ್ತೆರಡು ಇಂಚು ಕಟ್ಟುವ ಕೈ ಅಲ್ಲವಾ?" ಎಂದರು. ನನ್ನ ಮುಖ ನೋಡದೆ ಅಂದರು. ಆಗಲೇ ನನಗೆ ತಿಳಿಯಬೇಕಿತ್ತು.

ಊಟದ ಹೊತ್ತಿಗೆ ಮೊದಲೇ ಅಲ್ಲಿಯ ಒಬ್ಬ ಕೆಲಸದವರು ಅವರನ್ನು ಕೈಹಿಡಿದು ಕರೆದುಕೊಂಡು ಬಂದು ಬಿಟ್ಟರು. ಮದುವೆಯ ಕಾಗದ ಒಂದನ್ನು ಜೋಡಿಸಲು ಕೊಟ್ಟಿದ್ದರಂತೆ. ಎರಡು ಸಾಲು ಆಗುವಾಗ ಬೆರಳು ಸೆಟೆದುಕೊಂಡಿತು. ಕೈ ಎಳೆದುಕೊಳ್ಳಲು ಹೋದಾಗ ತಗಲಿ, ಪಕ್ಕದಲ್ಲಿ ಬೇರೆಯವರು ಜೋಡಿಸಿಟ್ಟಿದ್ದ ಇಡೀ ಪುಟ ನೆಲಕ್ಕೆ ಬಿತ್ತು. ಸಾವಿರ ಮೊಳೆ. ಯಾರೂ ಬಯ್ಯಲಿಲ್ಲವಂತೆ. "ಬೈದಿದ್ದರೆ ಒಳ್ಳೆದಿತ್ತು ಅಕ್ಕ," ಎಂದರು ಆ ಮನುಷ್ಯ, ಹೊರಡುವಾಗ.

ಯಜಮಾನರು ಉಣ್ಣಲಿಲ್ಲ. ಅತ್ತೆ ಗಂಜಿಯ ಬಟ್ಟಲು ಹಿಡಿದು ಕೂತರು. ನಾನು ಹತ್ತಿರ ಹೋಗಿ, "ನನ್ನ ತಪ್ಪು," ಎಂದು ಶುರು ಮಾಡಿದೆ.

"ಗೊತ್ತುಂಟು," ಎಂದರು. "ಇಪ್ಪತ್ತು ವರ್ಷ ತಲೆಕೆಳಗಾದ ಅಕ್ಷರ ಓದಿದವ ನಾನು. ನನ್ನ ಗಂಟು ಯಾವುದು, ನಿನ್ನದು ಯಾವುದು ನನಗೆ ತಿಳಿಯುದಿಲ್ಲವಾ? ನೀನು ಎರಡು ಸುತ್ತು ಸುತ್ತಿ ಬಿಗಿಯುತ್ತೀ. ನನ್ನದು ಒಂದೇ ಸುತ್ತು, ಹೂ ಎಡಕ್ಕೆ ವಾಲಿರ್ತದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಕುಶಿಯಲ್ಲಿ ಬರೆಯುತ್ತಿದ್ದೆ ಮಾರಾಯ್ತಿ. ದಿನಾ ಕೇಳಿ ಕೇಳಿ, ನಿಜ ಆದರೂ ಆಗಬಹುದು ಅಂತ ನನಗೇ ಅನಿಸಿತು."

ಅಂದು ಮಧ್ಯಾಹ್ನ ನಾನು ದೇವರ ಮುಂದೆ ಕೂತೆ. ಯಾವ ಉಪಕಾರವೂ ನೆನಪಿಗೆ ಬರಲಿಲ್ಲ. ಜೀವನದಲ್ಲಿ ಹಾಗೆ ಆದದ್ದು ಅದೊಂದೇ ಸಲ. ಪಟದ ಮೇಲಿನ ಮಾಲೆ ನೋಡಲಿಕ್ಕೂ ಹೇಸಿಗೆಯಾಯಿತು. ಎದ್ದು ಸೆರಗು ಹೊದ್ದು, ಡಾಕ್ಟರ ಮನೆಗೆ ಹೊರಟೆ. "ಒಬ್ಬಳೇ ಹೋಗುದು ಬೇಡ. ಮುಗಿಸು ಅಂತ ಹೇಳಿದ್ದು ನಾನು," ಎಂದು ಅತ್ತೆಯೂ ಕೋಲು ಹಿಡಿದು ಬಂದರು. ಬಿಸಿಲಿಗೆ ದಾರಿ ಸುಡುತ್ತಿತ್ತು.

ಡಾಕ್ಟರು ಎಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಹೇಳಿದರು: "ಅಮ್ಮ, ನೀವು ನನಗೆ ಮೋಸ ಮಾಡಿದ್ದಕ್ಕೆ ನನಗೆ ಬೇಸರ ಇಲ್ಲ. ಆದರೆ ಆ ಪತ್ರಿಕೆಯನ್ನು ಎಲ್ಲೆಲ್ಲಿಯೋ ಡಾಕ್ಟರುಗಳು ಓದ್ತಾರೆ. ಆರು ತಿಂಗಳಲ್ಲಿ ನಿನ್ನ ಕೈ ಬರ್ತದೆ ಅಂತ ಯಾರೋ ಒಬ್ಬ ತನ್ನ ರೋಗಿಗೆ ಹೇಳ್ತಾನೆ. ಅವನ ಹೆಂಡತಿ ಅದನ್ನು ನಂಬಿ ಕೂತುಕೊಳ್ತಾಳೆ. ಆರು ತಿಂಗಳು ಆಗ್ತದೆ. ಕೈ ಬರುವುದಿಲ್ಲ."

ಆ ಕಾಣದ ಹೆಂಡತಿ ನನ್ನ ಎದುರೇ ನಿಂತ ಹಾಗಾಯಿತು.

"ಬಯ್ಯುದಾದರೆ ನನಗೆ ಬಯ್ಯಿ," ಎಂದರು ಅತ್ತೆ. "ಇವಳಿಗೆ ಸಾಕು. ನಿಮಗೆ ಬೇಕಾದರೆ ಹಳೆ ಮಾಲೆ ಎಲ್ಲ ಉಂಟು, ತೆಗೆದುಕೊಂಡು ಹೋಗಿ ಬೇಕಾದ ಹಾಗೆ ಅಳೆಯಿರಿ."

"ಉಂಟಾ? ಎಲ್ಲಿ?"

ದೇವರ ಮೇಲಿಂದ ತೆಗೆದ ಹೂವನ್ನು ನಾವು ಕಸಕ್ಕೆ ಹಾಕುವುದಿಲ್ಲ. ಒಂದು ಬುಟ್ಟಿಯಲ್ಲಿ ಕೂಡಿಟ್ಟು, ಅಮಾವಾಸ್ಯೆಗೋ ಸಂಕ್ರಾಂತಿಗೋ ಹೊಳೆಗೆ ಬಿಡುವುದು. ಮಗ ಹಾಸಿಗೆ ಹಿಡಿದ ಮೇಲೆ ಅತ್ತೆಗೆ ನೇತ್ರಾವತಿಯವರೆಗೆ ಹೋಗುವ ತ್ರಾಣವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಆರು ತಿಂಗಳ ಮಾಲೆ ಒಂದರ ಮೇಲೊಂದು ದೊಡ್ಡ ಬುಟ್ಟಿಯಲ್ಲಿ ಅಟ್ಟದ ಮೇಲೆ ಒಣಗಿ ಬಿದ್ದಿತ್ತು.

ಮರುದಿನದಿಂದ ನಾಲ್ಕು ಸಂಜೆ ಡಾಕ್ಟರು ನಮ್ಮ ಜಗಲಿಯಲ್ಲಿ ಚಾಪೆಯ ಮೇಲೆ ಕೂತರು. ಹೂವೆಲ್ಲ ಪುಡಿಯಾಗಿತ್ತು, ನಾರಿನ ಗಂಟು ಮಾತ್ರ ಹಾಗೇ ಇತ್ತು. ಯಜಮಾನರು ಮೊದಲ ದಿನ ಹೊರಗೆ ಬರಲೇ ಇಲ್ಲ. ಡಾಕ್ಟರು ಒಂದು ನಾರನ್ನು ದೀಪಕ್ಕೆ ಹಿಡಿದು, "ಇಲ್ಲಿವರೆಗೆ ಅವರದ್ದು ಇರಬೇಕು," ಎಂದು ತಪ್ಪು ಜಾಗ ತೋರಿಸಿದಾಗ ಒಳಗಿನಿಂದ, "ಅದು ಅವಳದ್ದು. ಕುರುಡನಿಗೂ ಗೊತ್ತಾಗ್ತದೆ," ಎಂದು ಕೇಳಿಸಿತು. ಎರಡನೇ ದಿನ ಬಂದು ಕೂತರು. ಕರಡು ತಿದ್ದುವವರ ಹಾಗೆ ಒಂದೊಂದೇ ನಾರನ್ನು ಕಣ್ಣ ಹತ್ತಿರ ಹಿಡಿದು, ತನ್ನ ಗಂಟು ಮುಗಿಯುವಲ್ಲಿ ಉಗುರು ಒತ್ತುತ್ತಿದ್ದರು. ಡಾಕ್ಟರು ಅಳೆಯುವುದು, ನಾನು ಹೊಸ ಪುಸ್ತಕದಲ್ಲಿ ಬರೆಯುವುದು. ತುಂಡಾದದ್ದನ್ನೂ ಕಲಸಿಹೋದದ್ದನ್ನೂ ಡಾಕ್ಟರು ಬಿಟ್ಟರು. ಯಾವ ದಿನದ್ದೆಂದು ತಿಳಿಯದ್ದನ್ನು ಊಹೆ ಮಾಡಲು ಒಪ್ಪಲಿಲ್ಲ.

ಬುಟ್ಟಿಯ ತಳದಲ್ಲಿ ಒಂದು ಇಂಚು. ಮೇಲೆ ಬಂದಾಗ ಐದೂವರೆ.

"ಬಂದದ್ದು ಹೌದು," ಎಂದರು ಡಾಕ್ಟರು ಮೆಲ್ಲಗೆ. "ಸ್ವಲ್ಪ ಬಂದದ್ದು ಹೌದು."

"ಐದೂವರೆ ಇಂಚಿಗೆ ಮದುವೆ ಕಾಗದ ಆಗುದಿಲ್ಲ," ಎಂದರು ಯಜಮಾನರು.

ಮೊದಲು ಕಳಿಸಿದ ಲೇಖನವನ್ನು ಅಚ್ಚು ಹಾಕಬೇಡಿ ಎಂದು ಡಾಕ್ಟರು ಪತ್ರ ಬರೆದರು. ಪತ್ರ ಮೊದಲು ತಲುಪುತ್ತದೋ, ಅಚ್ಚು ಮೊದಲಾಗುತ್ತದೋ ಎಂದು ನಾನು ವಾರಗಟ್ಟಲೆ ನಿದ್ದೆಯಿಲ್ಲದೆ ಕಳೆದೆ. ಶನಿವಾರ ಶನಿವಾರ ಉಪವಾಸ ಹಿಡಿದೆ. ತಲುಪಿತೆಂದೂ ಅಚ್ಚು ನಿಂತಿತೆಂದೂ ತಿಳಿದ ದಿನ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಅದೇ ವಾರ ಮುದ್ರಣಾಲಯದಲ್ಲಿ ಯಜಮಾನರ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡರು. ಧನಿಗಳು ಎಷ್ಟು ದಿನ ಕಾಯುತ್ತಾರೆ?

ಮನೆಯಲ್ಲಿ ಮಾಲೆಯ ಕ್ರಮವನ್ನು ಬದಲಿಸಿದ್ದು ಅತ್ತೆ. "ಇವನದ್ದು ಇವನೇ ಮುಗಿಸಲಿ. ಸಣ್ಣದಾದರೆ ಸಣ್ಣ ದೇವರಿಗೆ," ಎಂದು, ಪೆಟ್ಟಿಗೆಯಲ್ಲಿದ್ದ ಹೆಬ್ಬೆರಳಿನಷ್ಟಿನ ಬಾಲಕೃಷ್ಣನನ್ನು ತೆಗೆದು ಹೊರಗಿಟ್ಟರು. ಪಟಕ್ಕೆ ನಾನು ಬೇರೆ ಕಟ್ಟಿದೆ.

ಡಾಕ್ಟರು ನಿಜವಾದ ಅಳತೆಯಿಂದ ಎರಡನೇ ಲೇಖನ ಬರೆದರು. ಹೆಂಡತಿ ಮಾಲೆ ಮುಗಿಸಿದ ಸಂಗತಿಯನ್ನೂ ಅದರಲ್ಲಿ ಬಚ್ಚಿಡದೆ ಬರೆದಿದ್ದರು. ಕಳಿಸುವ ಮೊದಲು ಟೈಪಾದ ಹಾಳೆಗಳನ್ನು ತಂದು ಯಜಮಾನರ ಮುಂದಿಟ್ಟು, "ನೀವು ಒಮ್ಮೆ ನೋಡಬೇಕು," ಎಂದರು. ಯಜಮಾನರಿಗೆ ಇಂಗ್ಲಿಷ್ ಅರ್ಥವಾಗುವುದು ಅಷ್ಟಕ್ಕಷ್ಟೆ, ಆದರೆ ಅಕ್ಷರವೂ ಅಂಕಿಯೂ ಗೊತ್ತು. ನನ್ನ ಹೊಸ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲು ಇಳಿದರು. ಒಂದು ಕಡೆ ನಿಂತರು.

"ಇಲ್ಲಿ ನಾಲ್ಕೂವರೆ ಹೊಡೆದಿದ್ದಾರೆ. ಮೂರೂವರೆ ಅದು."

"ಒಂದು ಇಂಚಿಗೆ ಎಂತ ಆಗ್ತದೆ, ಹೋಗಲಿ," ಎಂದೆ ನಾನು. ಹೇಳಿ ನಾಲಿಗೆ ಕಚ್ಚಿಕೊಂಡೆ.

ಇಬ್ಬರು ಗಂಡಸರೂ ನನ್ನ ಕಡೆ ನೋಡಿದರು. ಯಜಮಾನರು ಪೆನ್ಸಿಲನ್ನು ಎಡಗೈಯಿಂದ ಬಲಗೈಗೆ ದಾಟಿಸಿಕೊಂಡರು. ಬೆರಳು ಮಡಚಲು ಎಡಗೈಯ ಸಹಾಯ ಬೇಕಾಯಿತು. ಆ ನಾಲ್ಕರ ಮೇಲೆ ಗೆರೆ ಎಳೆದು ಬದಿಯಲ್ಲಿ ಮೂರು ಬರೆಯಲು ಒಂದು ವೀಳ್ಯ ಅಗಿದು ಮುಗಿಸುವಷ್ಟು ಹೊತ್ತು ಹಿಡಿಯಿತು. ಡಾಕ್ಟರು ಕಾದರು. ಆ ಮೂರು ಮಗು ಬರೆದ ಹಾಗೆ ಸೊಟ್ಟಗಿತ್ತು. ಅದನ್ನು ಪುನಃ ಟೈಪು ಮಾಡಿಸದೆ ಹಾಗೆಯೇ ಕಳಿಸಿದರು.

ಮಳೆಗಾಲ ಪೂರ್ತಿ ಕಾದೆವು. ಉತ್ತರ ಬಂದದ್ದು ಇನ್ನೊಂದು ಚೌತಿ ಕಳೆದ ಮೇಲೆ. ಅಷ್ಟರಲ್ಲಿ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ಹಳೆಯ ಮಂಚಗಳನ್ನು ತಂದು ಪೇರಿಸಿದ್ದರು. ಡಾಕ್ಟರು ಪತ್ರವನ್ನು ಕೈಯಲ್ಲಿ ಹಿಡಿದೇ ಬಂದರು. ಕೊಡೆಯನ್ನೂ ಮಡಚದೆ ಮೆಟ್ಟಿಲಲ್ಲಿ ನಿಂತರು. ನಾವು ಮೂವರೂ ಎದ್ದು ನಿಂತೆವು.

"ಒಳ್ಳೆ ಮಾತು ಬರೆದಿದ್ದಾರೆ," ಎಂದರು. "ಪ್ರಾಮಾಣಿಕವಾಗಿ ಉಂಟು ಅಂತೆ. ಆದರೆ ಅಚ್ಚು ಹಾಕಲಿಕ್ಕೆ ಆಗುದಿಲ್ಲವಂತೆ. ಒಬ್ಬ ರೋಗಿಯ ಲೆಕ್ಕ ಸಾಲದಂತೆ. ಬೇರೆಯವರದ್ದೂ ಇದ್ದರೆ ಕಳಿಸಿ ಅಂತ ಬರೆದಿದ್ದಾರೆ. ಒಬ್ಬ ಸಾಲದು ಅಂತ."

"ಸಾಲದಾ?" ಎಂದರು ಅತ್ತೆ. "ನನಗೆ ಇರುದೇ ಇವನೊಬ್ಬ."

ಡಾಕ್ಟರು ನಗಲು ಹೋದರು, ಆಗಲಿಲ್ಲ. ಕೊಡೆ ಮಡಚಿ ಒಳಗೆ ಬಂದು ಕೂತರು. ನಾನು ನೀರು ಬೆಲ್ಲ ತಂದಿಟ್ಟೆ. ಸ್ವಲ್ಪ ಹೊತ್ತಿಗೆ ಅವರು ಯಜಮಾನರ ತಟ್ಟೆಯ ಕಡೆ ನೋಡಿ ನನ್ನ ಹತ್ತಿರ ಟೇಪು ಕೇಳಿದರು. ನಾನೇ ಅಳೆದೆ. ಮಳೆಗೆ ಬೆರಳು ಸೆಟೆದಿತ್ತೋ, ಮನಸ್ಸು ಬರಬೇಕಾದ ಪತ್ರದ ಮೇಲಿತ್ತೋ ಗೊತ್ತಿಲ್ಲ. ನಿನ್ನೆಗಿಂತ ಒಂದು ಇಂಚು ಕಡಿಮೆ ಇತ್ತು.

"ಎಷ್ಟು?" ಎಂದು ಕೇಳಿದರು ಯಜಮಾನರು.

ಹೇಳಿದೆ. ಪುಸ್ತಕದಲ್ಲಿ ಅಷ್ಟನ್ನೇ ಬರೆದೆ.